ಮೆಣಸಿನಕಾಯಿ ಮೇಡಂನ ಮುರಿದ ಕೈ

ಊರಿನವರು ಅವಳನ್ನು ಮೆಣಸಿನಕಾಯಿ ಮೇಡಂ ಎಂದು ಕರೆಯುತ್ತಿದ್ದರು. ಇಂಥ ಹೆಸರನ್ನು ಬೆನ್ನ ಹಿಂದೆ ಕರೆಯುವುದು ವಾಡಿಕೆ. ಎದುರಿಗೇ ಕರೆದ ಒಬ್ಬಿಬ್ಬರಿದ್ದಾರೆ; ಅವರನ್ನು ಅವಳು ಇವತ್ತಿನವರೆಗೂ ಲೈಸೆನ್ಸ್ ಪರೀಕ್ಷೆಗೆ ಕಳಿಸಿಲ್ಲ, ಕ್ಲಚ್ಚಿನ ಮೇಲೆ ಕಾಲಿಡುವುದನ್ನೇ ಇನ್ನೂ ಕಲಿಯುತ್ತಿದ್ದಾರೆ. ಕಾರು ಕಲಿಸುವುದು ಅವಳ ಕಸುಬು. ಆಳು ನಾಲ್ಕೂವರೆ ಅಡಿ, ಸಿಟ್ಟು ಮೂಗಿನ ತುದಿಯಲ್ಲಿ. ಮೂಗೂ ಸಣ್ಣದೇ, ಹಾಗಾಗಿ ಸಿಟ್ಟು ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಎದುರಿಗಿದ್ದವರ ಮೇಲೆ ಬೀಳುತ್ತಿತ್ತು.

ಅವಳು ಕಾರು ಕಲಿತದ್ದೂ ಸಿಟ್ಟಿನಿಂದಲೇ. ಗಂಡ ಬಾಡಿಗೆ ಕಾರು ಓಡಿಸುತ್ತಿದ್ದ, ಕಾಯಿಲೆ ಬಿದ್ದು ತೀರಿಕೊಂಡ. ಕಾರು ಮನೆ ಬಾಗಿಲಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಮೈದುನ ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಿ, "ಅತ್ತಿಗೆ, ಇದು ನಿಮಗ್ಯಾಕೆ? ನಿಮ್ಮ ಕಾಲು ಬ್ರೇಕಿಗೇ ಮುಟ್ಟಲ್ಲ. ನಾನು ತಗೊಂಡು ಹೋಗ್ತೀನಿ" ಎಂದ. ಅವನು ಎರಡನೆಯ ಮಾತು ಹೇಳದೆ ಬರೀ ಮೊದಲನೆಯದನ್ನು ಹೇಳಿದ್ದರೆ ಅವಳು ಬೀಗದ ಕೈ ಕೊಟ್ಟುಬಿಡುತ್ತಿದ್ದಳೋ ಏನೋ. ಕಾಲು ಮುಟ್ಟುವುದಿಲ್ಲ ಎಂದದ್ದು ಕೆಲಸ ಕೆಡಿಸಿತು. ಮಾರನೆಯ ದಿನವೇ ಕೂರುವುದಕ್ಕೊಂದು ದಿಂಬು, ಬೆನ್ನಿಗೊಂದು ದಿಂಬು ಹಿಡಿದುಕೊಂಡು ಕಾರಿನೊಳಗೆ ಹತ್ತಿದಳು. ಸೀಟನ್ನು ಎಳೆಯುವಷ್ಟೂ ಮುಂದಕ್ಕೆ ಎಳೆದಳು. ಕಾಲು ಮುಟ್ಟಿತು.

ಆಮೇಲೆ ಬೀದಿಯಲ್ಲಿ ಅವಳು ಕಾರು ಓಡಿಸಿಕೊಂಡು ಹೋದರೆ ಅಂಗಡಿ ಕಟ್ಟೆಯ ಗಂಡಸರು, "ನೋಡ್ರೋ, ಡ್ರೈವರೇ ಇಲ್ದೆ ಕಾರು ಬರ್ತಾ ಇದೆ" ಎಂದು ನಗುತ್ತಿದ್ದರು. ಅವಳು ಕಾರು ನಿಲ್ಲಿಸಿ, ಇಳಿದು, ಬಾಗಿಲು ಹಾಕಿ, ಕಟ್ಟೆಯ ತನಕ ನಡೆದು ಬಂದು, "ಯಾರು ಹೇಳಿದ್ದು?" ಎಂದು ಕೇಳುತ್ತಿದ್ದಳು. ಯಾರೂ ಹೇಳಿರುತ್ತಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಆ ಕಟ್ಟೆಯ ಗಂಡಸರೇ ತಮ್ಮ ಹೆಂಡತಿ, ಮಗಳು, ಸೊಸೆಯರನ್ನು ಅವಳ ಹತ್ತಿರ ಕಲಿಯಲು ಕಳಿಸಿದರು. ಬಾಡಿಗೆ ಕಾರು ಶಾಲೆಯ ಕಾರಾಯಿತು, ಪಕ್ಕದ ಸೀಟಿನ ಕೆಳಗೆ ಅವಳಿಗೆಂದು ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಬಂದವು. ಅವು ಎಟುಕಲೆಂದು ಆ ಸೀಟನ್ನೂ ಅವಳು ಮುಂದಕ್ಕೇ ಎಳೆದುಕೊಂಡಳು.

ಕಾರು ಮಾಡುವವರ ಮೇಲೆ ಅವಳಿಗೆ ಹಳೆಯ ಸಿಟ್ಟು. ಅವರು ಯಾರನ್ನೋ ಕೂರಿಸಿ ಅಳೆದು ಕಾರು ಮಾಡಿದ್ದಾರೆ, ಅದು ತಾನಲ್ಲ ಎನ್ನುವುದು ಅವಳಿಗೆ ದಿನಾ ಗೊತ್ತಾಗುತ್ತಿತ್ತು. ಸೀಟ್ ಬೆಲ್ಟು ಎದೆಯ ಮೇಲೆ ಬರುವ ಬದಲು ಕತ್ತನ್ನು ಕುಯ್ಯುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆಯ ಬದಲು ಆಕಾಶ ಕಾಣುತ್ತಿತ್ತು. "ಆಕಾಶದಿಂದ ಯಾವ ಲಾರಿ ಬರುತ್ತೆ?" ಎಂದು ಅವಳು ಕನ್ನಡಿಯನ್ನು ಬೈದು ಕೆಳಕ್ಕೆ ತಿರುಗಿಸುತ್ತಿದ್ದಳು.

ಈ ಕಸುಬಿನವರಿಗೆ ಒಂದು ಅಭ್ಯಾಸವಿದೆ, ಮುಂದಿನದೆಲ್ಲ ಅದರಿಂದಲೇ ಆದದ್ದರಿಂದ ಹೇಳಿಬಿಡುತ್ತೇನೆ. ಕಲಿಯುವವರು ಸ್ಟೇರಿಂಗ್ ಹಿಡಿದಿದ್ದರೆ ಕಲಿಸುವವರ ಒಂದು ಕೈ ಅದರ ಮೇಲೆ ಇದ್ದೇ ಇರುತ್ತದೆ. ಪಕ್ಕದಿಂದ ಕೈ ಚಾಚಿ, ಸ್ಟೇರಿಂಗಿನ ನಟ್ಟನಡುವಿನ ಗುಬಟಿನ ಮೇಲಿಂದ ಹಾಯಿಸಿ, ಆಚೆ ಅಂಚನ್ನು ಹಿಡಿಯುವುದು. ಕಲಿಯುವವರು ಯಾವ ಗಳಿಗೆಯಲ್ಲಿ ಯಾವ ಕಡೆ ತಿರುಗಿಸುತ್ತಾರೋ ದೇವರಿಗೂ ಗೊತ್ತಿಲ್ಲ, ಹಾಗಾಗಿ ಆ ಕೈಯನ್ನು ಯಾರೂ ತೆಗೆಯುವುದಿಲ್ಲ. ಹಳೆಯ ಕಾರುಗಳಲ್ಲಿ ಆ ಗುಬಟಿನೊಳಗೆ ಇದ್ದದ್ದು ಹಾರನ್ ಮಾತ್ರ. ಹೆಚ್ಚೆಂದರೆ ಮೊಣಕೈ ತಾಗಿ ಪೀಂ ಎನ್ನುತ್ತಿತ್ತು.

ಹಳೆಯ ಕಾರು ಮುದಿಯಾಗಿ ಹೊಸದು ಕೊಳ್ಳುವಾಗ ಏರ್‌ಬ್ಯಾಗ್ ಇರುವುದನ್ನೇ ತೆಗೆದುಕೊಳ್ಳಬೇಕೆಂದು ಹಟ ಹಿಡಿದವಳು ಮಗಳು. ಅವಳು ಹೆದ್ದಾರಿಯ ಆಚೆಯ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸದಲ್ಲಿದ್ದಳು. "ಅಮ್ಮಾ, ಅಪಘಾತ ಆದೋರನ್ನ ದಿನಾ ನೋಡೋಳು ನಾನು. ಸುಮ್ನೆ ಇರೋದು ತಗೋ" ಎಂದಳು. ತೆಗೆದುಕೊಂಡಾಯಿತು. ಸಣ್ಣ ಕಾರು, ಮುಂದೆ ಎರಡು ಏರ್‌ಬ್ಯಾಗು. ಒಂದು ಸ್ಟೇರಿಂಗಿನ ಗುಬಟಿನೊಳಗೆ, ಇನ್ನೊಂದು ಪಕ್ಕದ ಸೀಟಿನ ಎದುರಿಗೆ. ಮೇಡಂ ಅದನ್ನು ಬಲೂನು ಎಂದು ಕರೆದಳು, ಕೊನೆಯ ತನಕ ಹಾಗೆಯೇ ಕರೆದಳು.

ಹೊಸ ಕಾರಿನಲ್ಲಿ ಕಲಿಯಲು ಬಂದವರಲ್ಲಿ ನಿವೃತ್ತನಾದ ಒಬ್ಬ ಅಂಚೆಯವನಿದ್ದ. ಎಲ್ಲರಿಗೂ ಅಂಚೆಯಣ್ಣ. ಇಡೀ ನೌಕರಿ ನಡೆದೇ ಮುಗಿಸಿದವನಿಗೆ ಒಮ್ಮೆ ಕೂತುಕೊಂಡು ಊರು ನೋಡುವ ಆಸೆ. ಮೆತ್ತನೆಯ ಮನುಷ್ಯ, ಗೇರು ಹಾಕುವಾಗಲೂ ಗೇರಿನ ಅನುಮತಿ ಕೇಳುವಂತೆ ಹಾಕುತ್ತಿದ್ದ. ಒಂದು ಬೆಳಿಗ್ಗೆ ಗೋದಾಮುಗಳ ಬೀದಿಯಲ್ಲಿ ನಾಯಿಯೊಂದು ಅಡ್ಡ ಬಂತು. ಅಂಚೆಯಣ್ಣ ಬ್ರೇಕೆಂದು ಆಕ್ಸಿಲರೇಟರ್ ಒತ್ತಿದ, ಗಾಬರಿಯಲ್ಲಿ ಇನ್ನೂ ಒತ್ತಿದ. ಮೇಡಂ ತನ್ನ ಬ್ರೇಕು ತುಳಿದಳು. ಅದು ಹಿಡಿಯುವಷ್ಟರಲ್ಲಿ ಕಾರು ಎಗರಿ ಹೋಗಿ ದೀಪದ ಕಂಬಕ್ಕೆ ಗುದ್ದಿತು.

ನಾಯಿ ಬದುಕಿತು. ಕಾರಿನೊಳಗೆ ಪಟಾಕಿ ಸಿಡಿದಂಥ ಸದ್ದಾಗಿ ಬಿಳಿ ಪುಡಿ, ಸುಟ್ಟ ವಾಸನೆ ತುಂಬಿಕೊಂಡಿತು. ಸ್ಟೇರಿಂಗಿನ ಗುಬಟು ಬಾಯಿಬಿಟ್ಟು ಬಲೂನು ಚಿಮ್ಮಿದಾಗ ಅದರ ಮೇಲೆಯೇ ಇದ್ದದ್ದು ಮೇಡಂನ ಬಲಗೈ. ಆ ಕೈ ಮೇಲಕ್ಕೆ ಹಾರಿ ಅಂಚೆಯಣ್ಣನ ತುಟಿಗೆ ಬಡಿದು, ಅಲ್ಲಿಂದ ಕಾರಿನ ಸೂರಿಗೆ ಬಡಿದು, ವಾಪಸ್ ಅವಳ ತೊಡೆಯ ಮೇಲೆ ಬಿತ್ತು. ಮೊಣಕೈ ಕೆಳಗೆ ಎರಡೂ ಮೂಳೆ ಮುರಿದಿದ್ದವು. ಅವಳ ಕಡೆಯ ಬಲೂನು ಬೇರೆ ಕೆನ್ನೆಯ ಚರ್ಮ ಸುಲಿದಿತ್ತು. ಅಂಚೆಯಣ್ಣ ಊದಿದ ತುಟಿಯಿಂದ, "ಮೇಡಂ, ಏನಾದ್ರೂ ಆಯ್ತಾ?" ಎಂದು ಕೇಳಿದ. ಅವಳು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಬ್ಬರನ್ನೂ ಮಗಳ ಆಸ್ಪತ್ರೆಗೇ ಒಯ್ದರು. ಇಬ್ಬರ ಎಕ್ಸ್-ರೇಯನ್ನೂ ಮಗಳೇ ತೆಗೆದಳು.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಡಂಗೆ ನೋವಿಗಿಂತ ಉರಿ ಹೆಚ್ಚು. ಕಂಬಕ್ಕೆ ಬಡಿದು ಮುರಿದಿದ್ದರೆ ಕಂಬವನ್ನು ಬೈದು ಸುಮ್ಮನಾಗುತ್ತಿದ್ದಳು. ಕಾಪಾಡುತ್ತೇನೆಂದು ಬಂದು ಕೂತದ್ದೇ ಮುರಿದರೆ? "ಮನೆ ಕಾಯೋಕೆ ಅಂತ ತಂದ ನಾಯಿ ಮನೆಯೋರನ್ನೇ ಕಚ್ಚಿದ ಹಾಗಾಯ್ತು" ಎಂದು ನೋಡಲು ಬಂದವರಿಗೆಲ್ಲ ಹೇಳಿದಳು. ಶೋರೂಮಿಗೆ ಫೋನು ಮಾಡಿದರೆ ಅಲ್ಲಿನ ಮ್ಯಾನೇಜರು, ಸ್ಟೇರಿಂಗಿನ ಮೇಲೆ ಕೈ ಇಡಬಾರದು, ಎದೆ ಮತ್ತು ಸ್ಟೇರಿಂಗಿನ ನಡುವೆ ಒಂದು ಗೇಣಿಗಿಂತ ಜಾಸ್ತಿ ಜಾಗ ಬಿಡಬೇಕು, ಸೀಟು ಹಿಂದಕ್ಕೆ ತಳ್ಳಿ ಕೂರಬೇಕು ಎಂದು ಪಾಠ ಒಪ್ಪಿಸಿದ. "ಹಿಂದಕ್ಕೆ ಕೂತರೆ ಪೆಡಲನ್ನ ನಿಮ್ಮಪ್ಪ ಬಂದು ತುಳೀತಾರಾ?" ಎಂದು ಕೇಳಿ ಫೋನು ಇಟ್ಟಳು.

ಆ ಹೊತ್ತಿಗೆ ಒಂದು ಕಾನೂನು ಬರುವುದಿತ್ತು. ಇನ್ನು ಮೇಲೆ ಎಷ್ಟೇ ಸಣ್ಣ ಕಾರಾದರೂ ಏರ್‌ಬ್ಯಾಗ್ ಇರಲೇಬೇಕು ಎಂದು. ಬೇಕು ಎನ್ನುವವರೂ ಬೇಡ ಎನ್ನುವವರೂ ಎಲ್ಲ ಕಡೆ ಕಚ್ಚಾಡುತ್ತಿದ್ದರು. ಕಾರು ಕಲಿಸುವವರ ಸಂಘದಲ್ಲೂ ಸಭೆ ಸೇರಿತು, ಬಿಡಿಭಾಗದ ಅಂಗಡಿಯ ಮಹಡಿಯ ಮೇಲೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ತಿಳಿಸಿ ಹೇಳಲು ಶೋರೂಮಿನ ಆ ಮ್ಯಾನೇಜರನ್ನೇ ಕರೆದಿದ್ದರು. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಯಾರಿಗೂ ನೋವಾಗದಂಥ ನಗು. ಅವನು ಗೇಣಿನ ಲೆಕ್ಕ ಮತ್ತೆ ಶುರುಮಾಡುತ್ತಿದ್ದಂತೆ ಮೇಡಂ ಎದ್ದು ನಿಂತಳು. ಕಾಣಿಸಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತು ಪ್ಲಾಸ್ಟರ್ ಹಾಕಿದ ಕೈ ಮೇಲೆತ್ತಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಇಲ್ಲಿದೆ ನೋಡಿ" ಎಂದಳು. "ಇಲ್ಲಿರೋ ಎಲ್ಲರೂ ಸ್ಟೇರಿಂಗ್ ಮೇಲೆ ಕೈ ಇಟ್ಟೇ ಕಲಿಸೋದು. ಇವತ್ತು ನನ್ನ ಕೈ, ನಾಳೆ ನಿಮ್ಮದು. ದೀಪಕ್ಕೆ ಸ್ವಿಚ್ ಇದೆ, ವೈಪರಿಗೆ ಸ್ವಿಚ್ ಇದೆ, ಗಾಜು ಇಳಿಸೋಕೂ ಇದೆ. ಈ ಬಲೂನಿಗೆ ಯಾಕಿಲ್ಲ? ಕಲಿಸೋವಾಗ ಆರಿಸ್ತೀನಿ, ಹೆದ್ದಾರಿಗೆ ಹೋಗೋವಾಗ ಹಾಕ್ತೀನಿ. ನನ್ನ ಕಾರು, ನನ್ನ ಇಷ್ಟ."

ಚಪ್ಪಾಳೆಗೆ ಮಹಡಿ ಅದುರಿತು. ಹಿಂದಿನ ಸಾಲಿನಲ್ಲಿ ಅಂಚೆಯಣ್ಣನೂ ಇದ್ದ, ಮೇಡಂ ಮೇಲಿನ ಗೌರವಕ್ಕೆ ಬಂದಿದ್ದ. ಅವನು ಎರಡು ಸಲ ಎದ್ದು, "ನಂದೊಂದು ಮಾತಿದೆ" ಎಂದ. ಪ್ಲಾಸ್ಟರ್ ಹಾಕಿಕೊಂಡವಳು ಮಾತಾಡಿದ ಮೇಲೆ ಬರಿಗೈಯವನ ಮಾತು ಯಾರು ಕೇಳುತ್ತಾರೆ? ಪಕ್ಕದವರು ಭುಜ ಒತ್ತಿ ಕೂರಿಸಿದರು.

ಸಭೆ ಮುಗಿದ ಮೇಲೆ ಮ್ಯಾನೇಜರು ಹತ್ತಿರ ಬಂದು ಅವಳ ಫೋಟೋ ತೆಗೆದುಕೊಂಡ. "ಕೈ ಸ್ವಲ್ಪ ಮೇಲೆತ್ತಿ ಮೇಡಂ, ಹಾಗೇ. ನಿಮ್ಮ ಮಾತನ್ನ ಮೇಲಿನೋರಿಗೆ ಮುಟ್ಟಿಸ್ತೀನಿ" ಎಂದ.

"ಸ್ವಿಚ್ ಅಂತ ಹೇಳಿ. ಮರೀಬೇಡಿ" ಎಂದಳು ಮೇಡಂ.

"ಸ್ವಿಚ್ಚೇ ಮೇಡಂ" ಎಂದ ಅವನು. ತನ್ನ ಜೀವಮಾನದಲ್ಲಿ ಮೊದಲ ಸಲ ಕಾರು ಮಾಡುವವರು ತನ್ನ ಮಾತು ಕೇಳಿದರಲ್ಲ ಎಂದು ಅವಳು ಆ ರಾತ್ರಿ ನೋವಿನಲ್ಲೂ ಚೆನ್ನಾಗಿ ನಿದ್ದೆ ಮಾಡಿದಳು.

ಪ್ಲಾಸ್ಟರ್ ಬಿಚ್ಚಿದರು. ಕೈ ತುಸು ಸೊಟ್ಟಗೆ ಕೂಡಿಕೊಂಡಿತ್ತು, ಲೋಟ ಎತ್ತಿದರೆ ನೀರು ಒಂದು ಕಡೆಗೆ ವಾಲುತ್ತಿತ್ತು. ಶಾಲೆಯ ಕಾರಿಗೆ ಹೊಸ ಬಲೂನು ಹಾಕಿಸಿಕೊಂಡು ತಂದಿದ್ದರು. ಅದರ ತಂತಿ ಕಿತ್ತುಹಾಕು ಎಂದು ಗ್ಯಾರೇಜಿನ ಮೇಸ್ತ್ರಿಗೆ ಹೇಳಿದರೆ ಅವನು, "ಬೈಯ್ಯೋದಾದ್ರೆ ಬೈಯ್ರಿ, ಕೀಳಲ್ಲ" ಎಂದು ಸ್ಪ್ಯಾನರ್ ಒರೆಸುತ್ತ ಕೂತ. ಸ್ವಿಚ್ ಬರುತ್ತದಲ್ಲ, ಬಂದಾಗ ಹಾಕಿಸಿದರಾಯಿತು ಎಂದು ಅವಳು ಅವನನ್ನು ಬೈದಷ್ಟಕ್ಕೇ ಬಿಟ್ಟಳು. ಅಲ್ಲಿಯ ತನಕ ಸ್ಟೇರಿಂಗನ್ನು ಕೆಳಗಿನ ಅಂಚಿನಲ್ಲಿ ಹಿಡಿದು ಕಲಿಸಿದಳು. ಅಷ್ಟು ವರ್ಷದ ಕೈಗೆ ಅದು ಒಗ್ಗಲೇ ಇಲ್ಲ, ಹತ್ತು ಸಲಕ್ಕೆ ಎಂಟು ಸಲ ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು.

ಈ ನಡುವೆ ಕಾನೂನನ್ನು ಮುಂದಕ್ಕೆ ಹಾಕಿದರು. ಅವಳೊಬ್ಬಳಿಂದ ಹಾಗಾಯಿತು ಎಂದರೆ ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದ ಮುದುಕಿಯ ಕತೆಯಾದೀತು. ಕೂಗಿದ ಕೋಳಿಗಳು ಬೇಕಾದಷ್ಟಿದ್ದವು. ಆದರೆ ಊರಿನವರು ಮಾತ್ರ, "ಮೆಣಸಿನಕಾಯಿ ಮೇಡಂ ಗೆದ್ದುಬಿಟ್ಲು" ಎಂದರು. ಅವಳೂ ಅಲ್ಲ ಎನ್ನಲಿಲ್ಲ.

ಒಂದು ಶನಿವಾರ ಸಂಜೆ ಮಗಳು ಮನೆ ಮುಂದೆ ಹಾರನ್ ಮಾಡಿ, "ಅಮ್ಮಾ, ಹೊರಗೆ ಬಾ" ಎಂದಳು. ಬಿಳಿಯ ಹೊಸ ಸಣ್ಣ ಕಾರು. ತನ್ನದೇ ಸಂಬಳದಲ್ಲಿ ತೆಗೆದುಕೊಂಡದ್ದು. ಇನ್ನು ಬಸ್ಸಿಗೆ ಕಾಯುವ ಗೋಳಿಲ್ಲ, ಸೋಮವಾರದಿಂದ ಹೆದ್ದಾರಿಯಲ್ಲಿ ತಾನೇ ಓಡಿಸಿಕೊಂಡು ಹೋಗುವುದು. ಮಗಳು ಎತ್ತರದಲ್ಲಿ ಅಮ್ಮನ ಪಡಿಯಚ್ಚು. ಸೀಟನ್ನು ಕೊನೆಯ ತನಕ ಮುಂದಕ್ಕೆ ಎಳೆದು, ಅಮ್ಮ ಕಲಿಸಿದ ಹಾಗೆಯೇ ದಿಂಬು ಹಾಕಿಕೊಂಡು, ಸ್ಟೇರಿಂಗಿಗೆ ಎದೆ ಒತ್ತುವಂತೆ ಕೂತಿದ್ದಳು.

ಮೇಡಂಗೆ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ತಪ್ಪು ಹುಡುಕತೊಡಗಿದಳು. ಟೈರು ಒದ್ದಳು, ಬಾಗಿಲು ಹಾಕಿ ತೆಗೆದಳು. ಆಮೇಲೆ ಸ್ಟೇರಿಂಗಿನ ಗುಬಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಟೊಳ್ಳಾಗಿತ್ತು.

"ಎಲ್ಲಿ ಅದು?"

"ಯಾವುದು?"

"ಬಲೂನು."

"ಇದರಲ್ಲಿ ಇಲ್ಲ. ಬೇಡ ಅಂತಲೇ ಇದನ್ನ ತಗೊಂಡೆ" ಎಂದಳು ಮಗಳು. "ಈಗ ಅದಿಲ್ದೇ ಇರೋ ಮಾಡೆಲ್ಲೂ ಬಂದಿದೆ. ಇಷ್ಟ ಇದ್ದೋರು ತಗೋಬಹುದು, ಇಲ್ದೋರು ಬಿಡಬಹುದು."

"ನಿನಗೇನು ತಲೆ ಕೆಟ್ಟಿದೆಯಾ? ಹೆದ್ದಾರಿಗೆ ಹೋಗೋಳು ನೀನು."

ಮಗಳ ಮುಖದ ಬಣ್ಣ ಬದಲಾಯಿತು. "ಅಮ್ಮಾ, ನಿನ್ನ ಕೈ ಎಕ್ಸ್-ರೇ ತೆಗೆದೋಳು ನಾನು. ಆ ಎರಡು ಮೂಳೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಹಾಗೇ ಕುಳ್ಳಿ ನಾನು, ನಿನ್ನ ಹಾಗೇ ಮುಂದೆ ಕೂರೋದು. ಅದು ನನ್ನ ಮುಖಕ್ಕೇ ಸಿಡಿಯೋದು. ಕುರ್ಚಿ ಹತ್ತಿ ನಿಂತು ಹೇಳಿದೋಳು ನೀನೇ ತಾನೆ, ನನ್ನ ಕಾರು ನನ್ನ ಇಷ್ಟ ಅಂತ? ಶೋರೂಮಿನ ಬಾಗಿಲಲ್ಲೇ ನಿನ್ನ ಕಟೌಟ್ ನಿಲ್ಲಿಸಿದಾರೆ. ನಮ್ಮಮ್ಮ ಅಂತ ನಾನು ಎಲ್ಲರಿಗೂ ತೋರಿಸ್ದೆ."

ಮೇಡಂ ಒಳಗೆ ಹೋಗಿ ಒಲೆಯ ಮೇಲಿದ್ದ ಪಾತ್ರೆಯನ್ನು ಸುಮ್ಮನೆ ಇಳಿಸಿದಳು, ಮತ್ತೆ ಇಟ್ಟಳು.

ಭಾನುವಾರ ಬೆಳಿಗ್ಗೆ ಮಗಳ ಕಾರನ್ನೇ ತೆಗೆದುಕೊಂಡು ಶೋರೂಮಿಗೆ ಹೋದಳು. ಗಾಜಿನ ಬಾಗಿಲ ಪಕ್ಕ ಅವಳು ನಿಂತಿದ್ದಳು. ರಟ್ಟಿನ ಮೇಡಂ, ಬಿಳಿ ಪ್ಲಾಸ್ಟರಿನ ಕೈ ಮೇಲೆತ್ತಿಕೊಂಡು. ಕೆನ್ನೆಯ ಗಾಯ ಒರೆಸಿ ತೆಗೆದಿದ್ದರು, ಬಾಯಿಗೆ ನಗು ಅಂಟಿಸಿದ್ದರು. ಕೆಳಗೆ ದೊಡ್ಡ ಅಕ್ಷರದಲ್ಲಿ 'ನನ್ನ ಕಾರು, ನನ್ನ ಇಷ್ಟ'. ಎಲ್ಲಕ್ಕಿಂತ ಹೆಚ್ಚಾಗಿ, ಕಟೌಟು ಐದೂವರೆ ಅಡಿಯಿತ್ತು. ತನ್ನ ಮುಖ ನೋಡಲು ತಾನೇ ಕತ್ತೆತ್ತಬೇಕಾಯಿತು.

ಮ್ಯಾನೇಜರು ಅದೇ ನಗು ಹೊತ್ತು ಓಡಿ ಬಂದ. "ಬನ್ನಿ ಮೇಡಂ, ಬನ್ನಿ. ನಿಮ್ಮ ದಿನ ಬಂತು ನೋಡಿ."

"ಇದ್ಯಾರು?" ಎಂದಳು ಮೇಡಂ.

"ನೀವೇ ಅಲ್ವಾ ಮೇಡಂ."

"ನಾನು ಇಷ್ಟುದ್ದ ಇದೀನಾ?"

"ಕಟೌಟಿಗೆ ಅಂತ ಒಂದು ಅಳತೆ ಇರುತ್ತೆ ಮೇಡಂ. ಎಲ್ಲಾ ಕಡೆ ಒಂದೇ ಸೈಜು."

ಸೀಟಿಗೆ ಅಳೆಯಲಿಲ್ಲ, ಬೆಲ್ಟಿಗೆ ಅಳೆಯಲಿಲ್ಲ, ಬಲೂನಿಗೆ ಅಳೆಯಲಿಲ್ಲ, ಹೋಗಲಿ. ತನ್ನದೇ ಪಟ ಮಾಡುವಾಗಲೂ ಇವರಿಗೆ ತನ್ನ ಅಳತೆ ಬೇಕಾಗಲಿಲ್ಲ. ಮುರಿದ ಕೈ ಒಂದು ಬೇಕಾಗಿತ್ತು, ಅದನ್ನು ತಮ್ಮ ಅಳತೆಯ ಹೆಂಗಸಿಗೆ ಹಚ್ಚಿದ್ದಾರೆ.

"ನಾನು ಕೇಳಿದ್ದು ಏನು?" ಎಂದಳು.

"ಇಷ್ಟ ಇದ್ದೋರಿಗೆ ಇರಲಿ, ಇಲ್ಲದೋರಿಗೆ ಬೇಡ ಅಂತ. ಅದನ್ನೇ ಮಾಡಿದೀವಿ."

"ನಾನು ಕೇಳಿದ್ದು ಸ್ವಿಚ್. ನೆಗಡಿ ಬಂತು, ಔಷಧಿ ಕೊಡಿ ಅಂದೆ. ನೀವು ಮೂಗು ಕುಯ್ದು ಕೈಗೆ ಕೊಟ್ಟಿದೀರಿ."

ಮ್ಯಾನೇಜರು ದನಿ ತಗ್ಗಿಸಿ ಆಪ್ತನಂತೆ ಹೇಳಿದ. "ಮೇಡಂ, ನಿಮ್ಮ ಹತ್ರ ಮುಚ್ಚುಮರೆ ಯಾಕೆ. ಸ್ವಿಚ್ ಮಾಡಬೇಕಂದ್ರೆ ಖರ್ಚಿದೆ. ತೆಗೆದು ಹಾಕೋದಕ್ಕೆ ಏನಿದೆ? ಜನರಿಗೂ ಬೆಲೆ ಇಳೀತು, ಖುಷಿ. ಬಲೂನ್ ಬೇಕು ಅನ್ನೋರಿಗೆ ಮೇಲಿನ ಮಾಡೆಲ್ ಇದ್ದೇ ಇದೆ."

ಇಷ್ಟವಂತೆ. ಜೇಬು ದಪ್ಪಗಿದ್ದವನಿಗೆ ಮೇಲಿನ ಮಾಡೆಲ್ಲಿನಲ್ಲಿ ಇಷ್ಟ, ತೆಳ್ಳಗಿದ್ದವನಿಗೆ ಕೆಳಗಿನದರಲ್ಲಿ ಇಷ್ಟ. ಕಾರು ಕೊಳ್ಳುವ ದಿನ ಯಾರಾದರೂ ಬಂದು, ನಿನ್ನ ಎದೆಗೂಡು ಬೇಕೋ ಸೀಟಿನ ಹೊದಿಕೆ ಬೇಕೋ ಎಂದು ಬಾಯಿಬಿಟ್ಟು ಕೇಳಿದರೆ ಅದು ಕೇಳಿದ ಹಾಗೆ. ಇವರು ಕೇಳುವುದಿಲ್ಲ. ನಗುವ ಕಟೌಟು ನಿಲ್ಲಿಸುತ್ತಾರೆ. ಅದನ್ನು ನೋಡಿ ಮೋಸ ಹೋದವರಲ್ಲಿ ಅವಳ ಹೊಟ್ಟೆಯಲ್ಲಿ ಹುಟ್ಟಿದವಳೇ ಮುಂದಿದ್ದಳು.

"ಈ ಕಾರಿಗೆ ಬಲೂನು ಹಾಕಿಕೊಡಿ."

"ಆಮೇಲೆ ಹಾಕೋಕೆ ಬರಲ್ಲ ಮೇಡಂ."

"ಹಾಗಾದ್ರೆ ಕಾರು ವಾಪಸ್ ತಗೊಳ್ಳಿ. ಮೇಲಿನ ಮಾಡೆಲ್ಲೇ ಕೊಡಿ, ಮಿಕ್ಕಿದ್ದು ಕಟ್ಟಿಕೊಳ್ತೀವಿ."

"ಹೆಸರಿಗೆ ಬರೆದಾಯ್ತಲ್ಲ ಮೇಡಂ. ಒಂದು ಸಲ ಗೇಟು ದಾಟಿದ್ರೆ ಮುಗೀತು."

ಮೇಡಂ ಬಾಗಿಲ ಹತ್ತಿರ ಹೋಗಿ ಕಟೌಟನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಬುಡಸಮೇತ ಎತ್ತಿದಳು.

"ಅಯ್ಯೋ, ಅದು ಕಂಪನಿದು ಮೇಡಂ" ಎಂದ ಮ್ಯಾನೇಜರು.

"ರಟ್ಟು ಕಂಪನಿದು. ಕೈ ನಂದು" ಎಂದು ಅವಳು ನಡೆದಳು. ಅವಳ ತಲೆಯ ಮೇಲೆ ಅವಳದೇ ತಲೆ ಒಂದಡಿ ಮೇಲೆ ನಗುತ್ತ ಹೋಯಿತು. ಕಾರಿನೊಳಗೆ ಹಿಡಿಸದೆ, ಕಟೌಟನ್ನು ಸೊಂಟದ ಹತ್ತಿರ ಮಡಿಸಿ ಹಿಂದಿನ ಸೀಟಿಗೆ ತುರುಕಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ಗೋಡೆಗೆ ಒರಗಿಸಿದ್ದ ಕಟೌಟನ್ನು ನೋಡಿದಳು. ಅಮ್ಮನನ್ನು ನೋಡಿದಳು. ಅನ್ನ ಕಲಸುತ್ತ, "ನಾಳೆ ನಾನು ಅದೇ ಕಾರಲ್ಲಿ ಹೋಗೋದು. ಈಗಲೇ ಹೇಳಿದೀನಿ" ಎಂದಳು. ಸಿಟ್ಟು ತಾಯಿಯದೇ, ದನಿ ಮಾತ್ರ ತಂದೆಯದು, ತಣ್ಣಗಿತ್ತು.

ಮೇಡಂ ತಟ್ಟೆಯಿಂದ ಕೈ ಎತ್ತಲಿಲ್ಲ. "ಅವತ್ತು ಅಂಚೆಯಣ್ಣನ ಎಕ್ಸ್-ರೇ ತೆಗೆದೋಳು ಯಾರು?"

"ನಾನೇ."

"ಎಲ್ಲಿಯದು?"

"ಎದೆಯದು. ಸ್ಟೇರಿಂಗ್ ಹಿಂದೆ ಕೂತೋರಿಗೆ ಮೊದಲು ಎದೆಯದೇ ತೆಗೆಯೋದು. ಪಕ್ಕೆಲುಬು ಮುರಿದು ಒಳಗೆ ಚುಚ್ಚಿರುತ್ತೆ."

"ಏನಿತ್ತು ಅದರಲ್ಲಿ?"

ಮಗಳು ನೆನಪು ಮಾಡಿಕೊಳ್ಳಲು ಹೊರಟಳು. ಕಲಸುತ್ತಿದ್ದ ಕೈ ತಟ್ಟೆಯಲ್ಲಿ ಹಾಗೆಯೇ ಉಳಿಯಿತು.

"ಏನೂ ಇರ್ಲಿಲ್ಲ" ಎಂದಳು.

"ನನ್ನ ಎರಡು ಮೂಳೆ ಕಣ್ಣಿಗೆ ಕಟ್ಟಿದೆ ಅಂದ್ಯಲ್ಲ. ಅದು ಯಾಕೆ ಕಟ್ಟಿಲ್ಲ?"

"ಏನೂ ಇಲ್ದೇ ಇರೋದು ಹೇಗಮ್ಮ ಕಣ್ಣಿಗೆ ಕಟ್ಟುತ್ತೆ?"

"ಅದೇ" ಎಂದಳು ಮೇಡಂ. ದನಿ ಒಡೆಯಿತು, ಒಡೆದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ಅದಕ್ಕೇ ನೋಡು, ಅವರು ನನ್ನ ಕೈ ತಂದು ಬಾಗಿಲಲ್ಲಿ ನಿಲ್ಲಿಸಿದಾರೆ. ಅವನ ಎದೆ ಯಾರಿಗೂ ಕಾಣಲ್ಲ, ಅಂಗಿ ಹಾಕ್ಕೊಂಡು ಓಡಾಡ್ತಾ ಇದೆ. ಕೈ ಮುರೀತು ನಿಜ. ಮುರಿಬಾರದಿತ್ತು, ಅದು ಮುರಿದದ್ದಕ್ಕೆ ನಾನು ಸಾಯೋ ತನಕ ಬೈತೀನಿ. ಆದ್ರೆ ಮುರಿದ ಕೈ ಕೂಡಿಕೊಳ್ತು, ಸೊಟ್ಟಗಾದ್ರೂ. ನಿನ್ನ ಎದೆ ಸೊಟ್ಟಗೆ ಕೂಡಲ್ಲ ಕಣೇ."

ಮಗಳು ತಟ್ಟೆ ಸರಿಸಿ, "ಅದು ನನ್ನ ಇಷ್ಟ ಅಂತ ಹೇಳೋಕೂ ನನಗೆ ಬಿಡಲ್ಲ ನೀನು" ಎಂದಳು.

"ಬಿಡಲ್ಲ" ಎಂದಳು ಮೇಡಂ. "ಇಷ್ಟ-ಗಿಷ್ಟ ಎಲ್ಲಾ ಸಭೆಲಿ. ಕೀ ಇಲ್ಲಿ ಕೊಡು."

ಸೋಮವಾರ ಬೆಳಿಗ್ಗೆ ಮಗಳು ಬಲೂನಿದ್ದ ಶಾಲೆಯ ಕಾರಿನಲ್ಲಿ ಹೆದ್ದಾರಿಗೆ ಹೊರಟಳು, ತಲೆಯ ಮೇಲೆ 'ಕಲಿಯುವವರು' ಎಂಬ ಫಲಕ ಹೊತ್ತುಕೊಂಡು, ಮುಖ ಊದಿಸಿಕೊಂಡು. ಬೆನ್ನ ಹಿಂದಿನ ದಿಂಬನ್ನು ಮೇಡಂ ಕಿತ್ತುಕೊಂಡು ತೆಳ್ಳನೆಯದೊಂದು ಕೊಟ್ಟಿದ್ದಳು, ಪೆಡಲಿನ ಮೇಲೆ ಮೇಸ್ತ್ರಿಯಿಂದ ದಪ್ಪ ಮರದ ತುಂಡು ಕಟ್ಟಿಸಿದ್ದಳು. ಸೀಟು ಒಂದು ಗೇಣು ಹಿಂದಕ್ಕೆ ಹೋಗಿತ್ತು. ಕಾರು ಮಾಡುವವರು ಮಾಡಬೇಕಾದದ್ದನ್ನು ತಾನು ಮರದ ತುಂಡಿನಿಂದ ಮಾಡಬೇಕಾಯಿತಲ್ಲ ಎಂದು ಕಾರು ತಿರುವಿನಲ್ಲಿ ಮರೆಯಾಗುವ ತನಕ ಬೈಯುತ್ತಲೇ ನಿಂತಿದ್ದಳು.

ಪಾಠದ ಹೊತ್ತಿಗೆ ಅಂಚೆಯಣ್ಣ ಬಂದ. ಬಿಳಿ ಕಾರು ನೋಡಿ ಖುಷಿಯಾಗಿ ಹತ್ತಿ ಕೂತ, ಬೆಲ್ಟು ಹಾಕಿಕೊಂಡ. ಇದರಲ್ಲಿ ತನ್ನ ಬ್ರೇಕಿಲ್ಲ, ಕೈಯಾದರೂ ಇರಲಿ ಎಂದು ಮೇಡಂ ಪಕ್ಕದಲ್ಲಿ ಕೂತು ಕೈ ಚಾಚಿದಳು. ಕೈ ಹಳೆಯ ದಾರಿ ಹಿಡಿದು, ಗುಬಟಿನ ಮೇಲಿಂದ ಹಾಯ್ದು ಆಚೆ ಅಂಚನ್ನು ಹಿಡಿಯಿತು. ಆ ಕೈಗೆ ಇನ್ನು ಯಾವ ಭಯವೂ ಇರಲಿಲ್ಲ. ಸ್ವಿಚ್ ಬಾರದಿದ್ದರೂ ಕೈಗೆ ಬೇಕಾದದ್ದು ಸಿಕ್ಕಿತ್ತು.

ಅಂಚೆಯಣ್ಣ ಗುಬಟಿನ ಮೇಲೆ ಬೆರಳಾಡಿಸಿ, "ಮೇಡಂ, ಇದರೊಳಗೆ ಅದಿಲ್ವಾ?" ಎಂದ.

"ಇಲ್ಲ."

ಅವನು ಬೆಲ್ಟು ಬಿಚ್ಚಿ, ಬಾಗಿಲು ತೆಗೆದು ಇಳಿದ. "ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ನಡ್ಕೊಂಡೇ ಬದುಕಿದೀನಿ, ಇನ್ನೊಂಚೂರು ನಡೀತೀನಿ" ಎಂದ. "ಅವತ್ತು ಸಭೇಲಿ ನಾನು ಹೇಳಬೇಕು ಅಂತಿದ್ದಿದ್ದೂ ಇಷ್ಟೇ. ನಿಮ್ಮ ಕೈ ಮುರೀತು, ಪಾಪ, ಆದ್ರೆ ನಾನು ಉಳ್ಕೊಂಡೆ ಅಂತ."

"ಆಗಲೇ ಕೂಗಿ ಹೇಳಬೇಕಾಗಿತ್ತು ರೀ ನೀವು" ಎಂದು ಮೇಡಂ ರೇಗಿದಳು. ಮೆತ್ತಗಿನವರು ಮೆತ್ತಗೇ ಮಾತಾಡಿದರೆ ಊರು ಉದ್ಧಾರವಾಗುವುದು ಹೇಗೆ ಎಂದು ಅವನಿಗೂ ಒಂದಷ್ಟು ಬಿತ್ತು. ಅವನು ಎಲ್ಲ ಕೇಳಿಸಿಕೊಂಡು, "ಈಗ ಏನು ಮಾಡೋದು?" ಎಂದ.

"ಆ ಕಟೌಟಿನ ಒಂದು ತುದಿ ಹಿಡೀರಿ" ಎಂದಳು ಮೇಡಂ.

ಶೋರೂಮು ತೆರೆಯುವ ಹೊತ್ತಿಗೆ ಬಿಳಿ ಕಾರು ಅದರ ಗೇಟಿಗೆ ಅಡ್ಡವಾಗಿ ನಿಂತಿತ್ತು, ನಾಲ್ಕೂ ಬಾಗಿಲಿಗೆ ಬೀಗ. ಸ್ಟೇರಿಂಗಿನ ಹಿಂದೆ ರಟ್ಟಿನ ಮೇಡಂ ಸೊಂಟ ಮುರಿದುಕೊಂಡು ಕೂತಿದ್ದಳು, ತಲೆ ಸೂರಿಗೆ ತಾಗಿ ಬಗ್ಗಿತ್ತು, ಪ್ಲಾಸ್ಟರಿನ ಕೈ ಗಾಜಿಗೆ ಒತ್ತಿಕೊಂಡಿತ್ತು, ನಗು ಹಾಗೆಯೇ ಇತ್ತು. ಒಳಗಿದ್ದ ಹೊಸ ಕಾರುಗಳು ಹೊರಗೆ ಬರುವ ಹಾಗಿಲ್ಲ, ಹೊರಗಿನವರು ಒಳಗೆ ಹೋಗುವ ಹಾಗಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಮೇಡಂ ಅಂಚೆಯಣ್ಣನ ಜೊತೆ ನಡೆದು ಮನೆಯ ತಿರುವಿಗೆ ಬರುವಷ್ಟರಲ್ಲಿ ಫೋನು ಬಂತು. ಮ್ಯಾನೇಜರ ದನಿಯಲ್ಲಿ ಈ ಸಲ ನಗು ಇರಲಿಲ್ಲ.

"ಮೇಡಂ, ನಿಮ್ಮ ಕಾರು ಗೇಟಿಗೆ ಅಡ್ಡ ನಿಂತಿದೆ. ಬಂದು ತೆಗೀರಿ."

"ನಾನ್ಯಾಕೆ ತೆಗೀಲಿ?" ಎಂದಳು ಮೇಡಂ. "ಒಳಗೆ ಕೂತಿದಾಳಲ್ಲ, ನಿಮ್ಮ ಅಳತೆಯೋಳು. ಅವಳಿಗೆ ಹೇಳಿ, ಓಡಿಸ್ಕೊಂಡು ಹೋಗ್ತಾಳೆ."